ಕ್ರೂಸ್ ಟಿಕೆಟ್: ಡಾಲರ್ ದರ ಕಡಿಮೆ ಕಂಡರೂ ಲೆಕ್ಕ ಬೇರೆ!

ಶಿಕಾರಿಪುರ/ಸೊರಬ: ಅಡಿಕೆ ಕೊಯ್ಲು ಮುಗಿದ ಮೇಲೆ ಸಿಂಗಾಪುರ ಪ್ರವಾಸ, ಅಲ್ಲಿಂದ ಕ್ರೂಸ್ ಹಡಗು ಅಂತ ಪ್ಲಾನ್ ಮಾಡುವವರು ಈಗ ಮೊಬೈಲ್‌ನಲ್ಲೇ ಟಿಕೆಟ್ ಬುಕ್ ಮಾಡಬಹುದು. ಒಂದೇ ಕ್ಯಾಬಿನ್‌ಗೆ ಒಂದು ಕಡೆ ರೂಪಾಯಿ ದರ, ಇನ್ನೊಂದು ಕಡೆ ಡಾಲರ್ ದರ. ಯಾವುದು ಅಗ್ಗ?

ಟಿಕೆಟ್ 1,000 ಸಿಂಗಾಪುರ ಡಾಲರ್ ಎಂದುಕೊಳ್ಳಿ. ಡಾಲರ್‌ಗೆ 70 ರೂ. ಹಿಡಿದರೆ 70,000 ರೂ. ಕಾರ್ಡ್‌ನ ವಿದೇಶಿ ಕರೆನ್ಸಿ ಶುಲ್ಕ ಶೇ 3.5 ಇದ್ದರೆ 2,450 ರೂ., ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ 441 ರೂ. ಒಟ್ಟು 72,891 ರೂ. ಅದೇ ಟಿಕೆಟ್ ಭಾರತದ ಏಜೆನ್ಸಿಯಲ್ಲಿ 72,000 ರೂ.ಗೆ ಸಿಕ್ಕರೆ ಅದೇ ಲಾಭ.

ವಿದೇಶಿ ಕಂಪನಿ ಹಣ ಕಟ್ಟುವಾಗ ‘ರೂಪಾಯಿಯಲ್ಲೇ ಕೊಡ್ತೀರಾ?’ ಎಂದು ಕೇಳಿದರೆ ಆತುರ ಬೇಡ. ಆಗ ವಿನಿಮಯ ದರ ಹಾಕುವುದು ಅವರ ಕಡೆಯವರು. ಮೇಲೆ ನಿಮ್ಮ ಬ್ಯಾಂಕೂ ಶುಲ್ಕ ಹಾಕಬಹುದು.

ಬಂದರು ತೆರಿಗೆ, ಸಿಬ್ಬಂದಿ ಟಿಪ್ಸ್ ಸೇರಿದೆಯೇ ನೋಡಿ. ಕ್ಯಾನ್ಸಲ್ ಮಾಡಿದರೆ ಹಣ ವಾಪಸಾಗುವ ದಿನದ ಡಾಲರ್ ದರವೇ ಲೆಕ್ಕಕ್ಕೆ ಬರುತ್ತದೆ.

ರಿಸರ್ವ್ ಬ್ಯಾಂಕ್ ನಿಯಮದಂತೆ 2020ರ ಅಕ್ಟೋಬರ್‌ ನಂತರ ಕೊಟ್ಟ ಕಾರ್ಡ್‌ಗಳಲ್ಲಿ ವಿದೇಶಿ ಪಾವತಿ ಮೊದಲು ಬಂದ್ ಇರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿ, ಮಿತಿ ಹಾಕಿ. ಕೆಲಸ ಮುಗಿದ ಕೂಡಲೇ ಆಫ್ ಮಾಡಿ.