ಬ್ಯಾಂಜೋಗೆ ಸಿಕ್ಕ ಕ್ಯಾಮೆರಾ ಚೌಡಿಕೆಗೂ ಸಿಗಲಿ

ವಡ್ಡು, ತೋರಣಗಲ್ಲು ಕಡೆ ಬ್ಯಾಂಜೋ ಅಂದರೆ ಕವ್ವಾಲಿಯವರು ಗುಂಡಿ ಒತ್ತಿ ಮೀಟುವ ಬುಲ್‌ಬುಲ್ ತರಂಗವೇ ಕಣ್ಣ ಮುಂದೆ ಬರುತ್ತದೆ. ಅಮೆರಿಕದ ಬ್ಯಾಂಜೋ ವಾದಕ ಬೇಲಾ ಫ್ಲೆಕ್ ಕೈಯಲ್ಲಿರುವುದು ಬೇರೆಯದೇ ವಾದ್ಯ. ದುಂಡು ಚೌಕಟ್ಟಿಗೆ ಬಿಗಿದ ಹೊದಿಕೆ (ಹಿಂದೆ ಚರ್ಮ, ಈಗ ಹೆಚ್ಚಾಗಿ ಪ್ಲಾಸ್ಟಿಕ್), ಅದರ ಮೇಲೊಂದು ಕುದುರೆ, ಐದು ತಂತಿ. ಅದರಲ್ಲೊಂದು ಗಿಡ್ಡ ತಂತಿ. ಹೆಬ್ಬೆರಳು ಅದನ್ನು ಮತ್ತೆ ಮತ್ತೆ ಮೀಟಿ ಶ್ರುತಿ ಹಿಡಿದಿರುತ್ತದೆ.

ಅಮೆರಿಕದ ಹಳ್ಳಿಗಾಡಿನ ಈ ವಾದ್ಯವನ್ನು ಫ್ಲೆಕ್ ಜಾಝ್‌ಗೆ ಎಳೆತಂದರು. 1988ರಲ್ಲಿ 'ಫ್ಲೆಕ್‌ಟೋನ್ಸ್' ಎಂಬ ವಾದ್ಯತಂಡ ಕಟ್ಟಿದರು. ಆ ತಂಡದ ಕಛೇರಿಯ ಚಿತ್ರ 'ಲೈವ್ ಅಟ್ ದಿ ಕ್ವಿಕ್' 2002ರಲ್ಲಿ ಡಿವಿಡಿಯಾಗಿ ಬಂತು. ಕನೆಕ್ಟಿಕಟ್ ರಾಜ್ಯದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಚಿತ್ರೀಕರಿಸಿದ್ದು. ವೇದಿಕೆ ಮೇಲೆ ಒಂದು ಜಾತ್ರೆಯೇ ನೆರೆದಿದೆ. ಫ್ಯೂಚರ್‌ಮ್ಯಾನ್ ಎಂಬಾತ ಗಿಟಾರಿನಂಥ ಯಂತ್ರವನ್ನು ಕೊರಳಿಗೆ ಹಾಕಿಕೊಂಡು ಬೆರಳ ತುದಿಯಲ್ಲೇ ಡ್ರಮ್ಸ್ ನುಡಿಸುತ್ತಾನೆ. ವಿಕ್ಟರ್ ವೂಟನ್ ಬೇಸ್ ಗಿಟಾರಿನಲ್ಲಿ ಒಬ್ಬನೇ ಒಂದು ಭಕ್ತಿಗೀತೆ ನುಡಿಸುತ್ತಾನೆ. ರಷ್ಯಾದ ತುವಾ ಪ್ರಾಂತ್ಯದ ಓಂಡಾರ್ ಒಂದೇ ಗಂಟಲಲ್ಲಿ ಏಕಕಾಲಕ್ಕೆ ಎರಡು ಸ್ವರ ಹೊರಡಿಸುತ್ತಾನೆ. ನಮ್ಮವರೇ ಆದ ಸಂದೀಪ್ ಬರ್ಮನ್ ತಬಲಾದಲ್ಲಿದ್ದಾರೆ. ಫ್ಲೆಕ್ ನಡುವೆ ಬಾಖ್‌ನ ಪಿಟೀಲು ಕೃತಿಯೊಂದನ್ನು ಬ್ಯಾಂಜೋದಲ್ಲಿ ನುಡಿಸುವುದೂ ಉಂಟು. ಇಷ್ಟೆಲ್ಲ ಸೇರಿ ಕಲಸುಮೇಲೋಗರ ಆಗಬೇಕಿತ್ತು, ಆಗಿಲ್ಲ. ಒಬ್ಬ ನುಡಿಸುವಾಗ ಉಳಿದವರು ಕಿವಿಗೊಟ್ಟು ಕೇಳುತ್ತಾರೆ, ಗುಟ್ಟು ಅಷ್ಟೇ. ಆ ಕೇಳುವಿಕೆಯನ್ನೂ ನಾವು ಕಣ್ಣಾರೆ ನೋಡಬಹುದು. ಕಛೇರಿ ಚಿತ್ರದ ಲಾಭವೇ ಇದು: ಹಿಂದಿನ ಸಾಲಿನಲ್ಲಿ ಕೂತವರಿಗೆ ಎಂದೂ ಕಾಣದ ಬೆರಳುಗಳು ಇಲ್ಲಿ ಕಾಣುತ್ತವೆ.

ಬ್ಯಾಂಜೋದ ಬೇರು ಆಫ್ರಿಕದಲ್ಲಿದೆ. ಅದನ್ನು ಹುಡುಕಿಕೊಂಡು ಫ್ಲೆಕ್ ಉಗಾಂಡ, ತಾಂಜಾನಿಯಾ, ಗ್ಯಾಂಬಿಯಾ, ಮಾಲಿ ಸುತ್ತಿದ್ದು 2008ರ 'ಥ್ರೋ ಡೌನ್ ಯುವರ್ ಹಾರ್ಟ್' ಚಿತ್ರದಲ್ಲಿದೆ. ಗ್ಯಾಂಬಿಯಾದ ಅಕೊಂಟಿಂಗ್ ಎಂದರೆ ಬುರುಡೆಗೆ ಚರ್ಮ ಬಿಗಿದು ತಂತಿ ಎಳೆದದ್ದು. ಅದನ್ನು ನೋಡಿದ ಕೂಡಲೇ ನನಗೆ ನೆನಪಾದದ್ದು ಎಲ್ಲಮ್ಮನ ಜೋಗತಿಯರ ಚೌಡಿಕೆ. ಟೊಳ್ಳು ಮರದ ಕೊಳಗ, ತಳಕ್ಕೆ ಚರ್ಮ, ಚರ್ಮದ ನಡುವಿಂದ ಹೊರಟ ಒಂದೇ ತಂತಿ. ಎಡಗೈ ತಂತಿಯನ್ನು ಬಿಗಿ ಮಾಡಿ ಸಡಿಲ ಬಿಟ್ಟರೆ ನಾದ ಏರಿ ಇಳಿಯುತ್ತದೆ. ತಾಳವೂ ಅದೇ, ಸ್ವರವೂ ಅದೇ. ಇದನ್ನು ಬ್ಯಾಂಜೋದ ಸೋದರಿ ಎನ್ನುವ ಹುಚ್ಚು ಸಾಹಸ ನಾನು ಮಾಡುವುದಿಲ್ಲ. ಆದರೆ ಆ ಕೈಚಳಕವನ್ನೂ ಹತ್ತಿರದಿಂದಲೇ ನೋಡಬೇಕು.

ಇದೇ ಜೋಗತಿ ಪರಂಪರೆಯ, ಹೊಸಪೇಟೆ ಪಕ್ಕದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿ ಸ್ವೀಕರಿಸುವ ಮುನ್ನ ರಾಷ್ಟ್ರಪತಿಗೆ ದೃಷ್ಟಿ ತೆಗೆದ ಆ ಕೆಲವು ಕ್ಷಣಗಳ ವಿಡಿಯೊ ನಾಡೆಲ್ಲ ಓಡಾಡಿತು. ಅದನ್ನು ನೋಡಿದವರಲ್ಲಿ ಅವರ ಕಲೆಯನ್ನು ಮೊದಲಿಂದ ಕೊನೆತನಕ ಕೂತು ನೋಡಿದವರು ಎಷ್ಟು ಮಂದಿಯೋ!

ಹಂಪಿ ಉತ್ಸವದ ವೇದಿಕೆಗಳಿಗೆ ಬೆಳಕಿಗೂ ಧ್ವನಿವರ್ಧಕಕ್ಕೂ ಕೊರತೆಯಿಲ್ಲ. ಮುಂದಿನ ಉತ್ಸವದಲ್ಲಿ ಚೌಡಿಕೆ ಮೇಳಕ್ಕೆ ಒಂದು ಸಂಜೆ ಪೂರ್ತಿ ಬಿಟ್ಟುಕೊಡಿ. ಒಂದು ಕ್ಯಾಮೆರಾ ಕೈಗೆ, ಒಂದು ಮುಖಕ್ಕೆ, ಇನ್ನೊಂದು ಇಡೀ ಮೇಳಕ್ಕೆ ಇರಲಿ. ಪದವನ್ನು ನಡುವೆ ಕತ್ತರಿಸಬೇಡಿ. ಕೊನೆಯಲ್ಲಿ ನುಡಿಸಿದವರ, ಹಾಡಿದವರ ಹೆಸರು ಹಾಕಿ, ಮರೆಯದೆ ಸಂಭಾವನೆಯನ್ನೂ ಕೊಡಿ.