ವಿಶ್ವಾಸಕ್ಕೆ ಸಾಕ್ಷ್ಯ ಬೇಕೆ?



ಜುಲೈ ೩ರಂದು ಪ್ರೇಷಿತ ಸಂತ ತೋಮರ ಹಬ್ಬ. ಗಾಯದ ಗುರುತನ್ನು ಕಾಣದೆ ನಂಬಲಾರೆನೆಂದ ಅವರನ್ನು ಯೇಸುಸ್ವಾಮಿ ದೂರ ತಳ್ಳಲಿಲ್ಲ, ತಮ್ಮ ಕೈಗಳನ್ನೇ ತೋರಿಸಿದರು. ಆದರೂ ಕಾಣದೆ ನಂಬುವವರನ್ನು ಧನ್ಯರೆಂದರು. ಹಾಗಾದರೆ ವಿಶ್ವಾಸಕ್ಕೆ ಸಾಕ್ಷ್ಯ ಬೇಕೋ ಬೇಡವೋ? ಮಾರ್ಮನ್ ಸಭೆಯವರ ಒಂದು ಗ್ರಂಥದ ಕಥೆ ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ನಮ್ಮ ಮುಂದಿಡುತ್ತದೆ. ಆ ಸಭೆಯು ಬೆಂಗಳೂರಿನಲ್ಲಿ ದೇವಾಲಯ ಕಟ್ಟುವುದಾಗಿ ೨೦೧೮ರಲ್ಲಿ ಪ್ರಕಟಿಸಿದ್ದರಿಂದ ಅದು ನಮಗೆ ತೀರ ದೂರದ ಮಾತೂ ಅಲ್ಲ.

ಆ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ ೧೮೩೦ರಲ್ಲಿ 'ಮಾರ್ಮನ್ ಗ್ರಂಥ'ವನ್ನು ಪ್ರಕಟಿಸಿದರು. ೧೮೩೫ರಲ್ಲಿ ಅಮೆರಿಕದ ಓಹಾಯೋ ರಾಜ್ಯದಲ್ಲಿ ಅವರೂ ಅವರ ಸಂಗಡಿಗರೂ ೨,೪೦೦ ಡಾಲರ್ ಕೊಟ್ಟು ಈಜಿಪ್ಟಿನ ನಾಲ್ಕು ಮಮ್ಮಿಗಳನ್ನೂ ಕೆಲವು ಪಪೈರಸ್ ಸುರುಳಿಗಳನ್ನೂ ಕೊಂಡರು. ಅವುಗಳಲ್ಲೊಂದು ಪಿತಾಮಹ ಅಬ್ರಹಾಮನ ಬರಹವೆಂದು ಸ್ಮಿತ್ ಹೇಳಿದರು. ಅದರ ಅನುವಾದವೆಂದು ೧೮೪೨ರಲ್ಲಿ 'ಅಬ್ರಹಾಮನ ಗ್ರಂಥ' ಅಚ್ಚಾಯಿತು. ೧೮೮೦ರಲ್ಲಿ ಅದು ಅವರ ಪವಿತ್ರ ಗ್ರಂಥಗಳ ಸಾಲಿಗೆ ಸೇರಿತು.

ಮೂಲ ಸುರುಳಿಗಳು ೧೮೭೧ರ ಷಿಕಾಗೋ ಬೆಂಕಿಯಲ್ಲಿ ಸುಟ್ಟುಹೋದವೆಂದೇ ಬಹುಕಾಲ ಎಲ್ಲರೂ ನಂಬಿದ್ದರು. ಆದರೆ ಅವುಗಳ ಕೆಲವು ತುಣುಕುಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಸಿಕ್ಕಿ, ೧೯೬೭ರಲ್ಲಿ ಮಾರ್ಮನ್ ಸಭೆಯ ಕೈಸೇರಿದವು. ತಜ್ಞರು ಓದಿ ನೋಡಿದಾಗ ಅವು ಸತ್ತವರ ಜೊತೆ ಸಮಾಧಿಯಲ್ಲಿಡುವ ಈಜಿಪ್ಟಿನ ಬರಹಗಳೆಂದು ತಿಳಿಯಿತು. ಅಬ್ರಹಾಮನ ಹೆಸರು ಅಲ್ಲಿರಲಿಲ್ಲ. ಕಾಲವೂ ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಈಚಿನದು. ತುಣುಕುಗಳ ಬರಹಕ್ಕೂ ಗ್ರಂಥಕ್ಕೂ ಹೊಂದಿಕೆಯಿಲ್ಲವೆಂದು ೨೦೧೪ರಲ್ಲಿ ಮಾರ್ಮನ್ ಸಭೆಯೇ ಒಪ್ಪಿತು. ಮೂಲದ ಭಾಗ ಕಳೆದುಹೋಗಿರಬಹುದು, ಇಲ್ಲವೇ ಆ ಸುರುಳಿಗಳು ದೈವಪ್ರೇರಣೆಗೆ ನಿಮಿತ್ತ ಮಾತ್ರವಾಗಿರಬಹುದು ಎಂಬ ವಿವರಣೆಗಳನ್ನು ಮುಂದಿಟ್ಟು, ಗ್ರಂಥದ ಸತ್ಯ ಕೊನೆಗೂ ಪ್ರಾರ್ಥನೆಯಲ್ಲಿ ತಿಳಿಯುವಂಥದ್ದು ಎಂದಿತು.

ಇದನ್ನು ಕೇಳಿ ನಾವು ನಗುವುದು ತರವಲ್ಲ. ಚಕ್ರವರ್ತಿ ಕಾನ್‌ಸ್ಟಂಟೈನನು ಪಾಪುಸ್ವಾಮಿಗೆ ಪಶ್ಚಿಮದ ರಾಜ್ಯಾಧಿಕಾರ ಕೊಟ್ಟನೆಂಬ ದಾನಪತ್ರವನ್ನು ನಮ್ಮ ಧರ್ಮಸಭೆಯೂ ಶತಮಾನಗಳ ಕಾಲ ನೆಚ್ಚಿತ್ತು. ಅದು ಖೋಟಾ ಎಂದು ಲೊರೆಂಜೊ ವಲ್ಲಾ ಎಂಬ ವಿದ್ವಾಂಸರು ೧೪೪೦ರಲ್ಲಿ ಭಾಷೆಯ ಆಧಾರದಿಂದಲೇ ತೋರಿಸಿದರು. ಪತ್ರ ಬಿತ್ತು, ವಿಶ್ವಾಸ ಬೀಳಲಿಲ್ಲ. ಏಕೆಂದರೆ ವಿಶ್ವಾಸ ಆ ಪತ್ರದ ಮೇಲೆ ನಿಂತಿರಲಿಲ್ಲ.

ಹಾಗೆಂದು ಚರಿತ್ರೆ ನಮಗೆ ಬೇಡವೆನ್ನಲಾಗದು. ಪೊಂತಿಯುಸ್ ಪಿಲಾತನ ಹೆಸರನ್ನು ನಾವು ವಿಶ್ವಾಸ ಸಂಗ್ರಹದಲ್ಲಿ ಹೇಳುತ್ತೇವೆ. ಕ್ರಿಸ್ತರು ಪುನರುತ್ಥಾನ ಹೊಂದದಿದ್ದರೆ ನಮ್ಮ ವಿಶ್ವಾಸವೇ ವ್ಯರ್ಥವೆಂದು ಸಂತ ಪೌಲರು ಬರೆದರು. ನಡೆದದ್ದನ್ನು ನಡೆಯಿತೆಂದು ಸಾರುವ ಧರ್ಮ, ನಡೆಯಿತೇ ಎಂದು ಕೇಳುವವರನ್ನು ಗದರಿಸಬಾರದು. ಶಿಲುಬೆಯ ಮರಣಕ್ಕೆ ಚರಿತ್ರೆ ಸಾಕ್ಷಿ ನುಡಿದೀತು. ಅಲ್ಲಿ ಸತ್ತವರು ದೇವಪುತ್ರರೆಂದು ಕಾಣಲು ದೇವರ ವರಪ್ರಸಾದ ಬೇಕು. ಸಾಕ್ಷ್ಯ ಸುಳ್ಳು ಆಸರೆಯನ್ನು ಕಿತ್ತುಹಾಕಬಲ್ಲದು, ವಿಶ್ವಾಸವನ್ನು ಹುಟ್ಟಿಸಲಾರದು.

ಮನೆಯಲ್ಲಿ ಮಕ್ಕಳು "ಬೈಬಲಿನಲ್ಲಿರುವುದೆಲ್ಲ ನಿಜವಾಗಿ ನಡೆಯಿತೇ?" ಎಂದು ಕೇಳಿದರೆ ಬಾಯಿ ಮುಚ್ಚಿಸದಿರೋಣ. ಬೈಬಲಿನಲ್ಲಿ ಕಾವ್ಯವಿದೆ, ಸಾಮತಿಯಿದೆ, ಚರಿತ್ರೆಯೂ ಇದೆ ಎಂದು ತಿಳಿಸಿ, ಜೊತೆಯಲ್ಲಿ ಕೂತು ಓದೋಣ. ತೋಮರಿಗೆ ಸಿಕ್ಕ ಸಹನೆ ನಮ್ಮ ಮಕ್ಕಳಿಗೂ ಸಿಗಲಿ.