ಅಂಟಿನ ಭರವಸೆ ಎಷ್ಟು ವರ್ಷದ್ದು?

ಗುಬ್ಬಿಯ ತೋಟದಲ್ಲಿ ಕುಡುಗೋಲು ತಗುಲಿಸಿಕೊಂಡವರು, ಕುಣಿಗಲ್ ರಸ್ತೆಯಲ್ಲಿ ಬೈಕಿನಿಂದ ಬಿದ್ದವರು ತುಮಕೂರಿನ ನನ್ನ ಚಿಕಿತ್ಸಾಲಯಕ್ಕೆ ಬಂದಾಗ ಈಗ ಹೊಲಿಗೆಗಿಂತ ಮೊದಲು ಅಂಟಿನ ಮಾತು ಬರುತ್ತದೆ. ಸೂಜಿಯ ನೋವಿಲ್ಲ, ಹೊಲಿಗೆ ಬಿಚ್ಚಿಸಲು ಮತ್ತೆ ಬಸ್ಸು ಹತ್ತಬೇಕಿಲ್ಲ. ಮೊಮ್ಮಗನ ಹಣೆಯ ಗಾಯಕ್ಕೆ ಅಂಟು ಹಚ್ಚುವಾಗ ಕುಣಿಗಲ್ ಕಡೆಯ ಅಜ್ಜಿಯೊಬ್ಬರು, ‘ಡಾಕ್ಟ್ರೇ, ಮುಂದೆ ಏನೂ ಆಗಲ್ವಾ?’ ಎಂದು ಕೇಳಿದ್ದರು. ಚರ್ಮದ ಮಟ್ಟಿಗೆ ಉತ್ತರ ಸುಲಭ. ಐದರಿಂದ ಹತ್ತು ದಿನಗಳಲ್ಲಿ ಅದು ತಾನಾಗಿ ಉದುರುತ್ತದೆ. ಆದರೆ ಅಂಟನ್ನು ಇಂದು ದೇಹದ ಒಳಗೂ ಬಳಸುತ್ತೇವೆ. ಜಠರದ ಉಬ್ಬಿದ ರಕ್ತನಾಳಗಳ ಸ್ರಾವ ನಿಲ್ಲಿಸಲು ಅದನ್ನೇ ಚುಚ್ಚುತ್ತಾರೆ. ಅಲ್ಲಿ ಅಜ್ಜಿಯ ಪ್ರಶ್ನೆಗೆ ಪ್ರಾಣಿಪ್ರಯೋಗಗಳಲ್ಲೇ ಉತ್ತರ ಹುಡುಕಬೇಕು.

ಸಯನೋಅಕ್ರಿಲೇಟ್ ಎಂಬ ಈ ರಾಸಾಯನಿಕ 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಅವರ ಕಣ್ಣಿಗೆ ಬಿತ್ತು. ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳ ರಕ್ತಸ್ರಾವ ತಡೆಯಲು ಅದನ್ನು ಸಿಂಪಡಿಸಿದ್ದೂ ಉಂಟು. ಮೊದಲ ಪೀಳಿಗೆಯ ಮೀಥೈಲ್ ರೂಪವು ದೇಹದಲ್ಲಿ ಬೇಗನೆ ವಿಘಟನೆಗೊಂಡು ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುತ್ತದೆ, ಅಂಗಾಂಶ ಉರಿಯೂತಕ್ಕೆ ಒಳಗಾಗುತ್ತದೆ ಎಂಬುದನ್ನು ತೋರಿಸಿದ್ದು ಪ್ರಾಣಿಗಳೇ. ಬಳಿಕ ಬಂದ ಬ್ಯೂಟೈಲ್, ಆಕ್ಟೈಲ್ ರೂಪಗಳು ನಿಧಾನವಾಗಿ ವಿಘಟನೆಯಾಗುವುದರಿಂದ ವಿಷ ಕಡಿಮೆ. ಆಕ್ಟೈಲ್‌ಗೆ ಅಮೆರಿಕ 1998ರಲ್ಲಿ ಚರ್ಮದ ಗಾಯಗಳಿಗೆಂದು ಅನುಮತಿ ನೀಡಿತು. ಈ ಸಮಾಧಾನದಲ್ಲೇ ಒಂದು ತೊಡಕಿದೆ: ನಿಧಾನವಾಗಿ ಕರಗುವ ವಸ್ತು ಒಳಗೆ ದೀರ್ಘಕಾಲ ಉಳಿಯುತ್ತದೆ. ಹಾಗಾದರೆ ಪರೀಕ್ಷೆಯೂ ಅಷ್ಟೇ ದೀರ್ಘವಾಗಿರಬೇಡವೇ?

ಬಯೋಗ್ಲೂ ಎಂಬ ಬೇರೊಂದು ಬಗೆಯ ಅಂಟಿನ ಕಥೆ ಇನ್ನೂ ಸ್ಪಷ್ಟ. ಆಲ್ಬುಮಿನ್ ಮತ್ತು ಗ್ಲುಟರಾಲ್ಡಿಹೈಡ್ ಸೇರಿದ ಇದಕ್ಕೆ 2001ರಲ್ಲಿ ವಯಸ್ಕರ ದೊಡ್ಡ ರಕ್ತನಾಳಗಳ ಶಸ್ತ್ರಚಿಕಿತ್ಸೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮರುವರ್ಷ ಪ್ರಕಟವಾದ ಅಧ್ಯಯನವೊಂದು ಎಳೆಯ ಹಂದಿಮರಿಗಳ ಮಹಾಪಧಮನಿಗೆ ಅದನ್ನು ಹಚ್ಚಿ ಕೆಲವು ವಾರ ಬೆಳೆಯಬಿಟ್ಟಿತು. ಮರಿ ಬೆಳೆಯಿತು, ಅಂಟು ಹಚ್ಚಿದ ಜಾಗ ಬೆಳೆಯಲಿಲ್ಲ. ರಕ್ತನಾಳ ಅಲ್ಲಿ ಕಿರಿದಾಯಿತು. ಬೆಳೆದ ಪ್ರಾಣಿಯಲ್ಲಿ ಇದು ಕಾಣುತ್ತಲೇ ಇರಲಿಲ್ಲ. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ಮಾಡುವವರಿಗೆ ಆ ಹಂದಿಮರಿಗಳು ಮಾಡಿದ ಉಪಕಾರ ಸಣ್ಣದಲ್ಲ.

ದೇಹದೊಳಗೆ ಇರಿಸುವ ವಸ್ತುಗಳ ಪರೀಕ್ಷೆಗಿರುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಹನ್ನೆರಡು ವಾರ ಮೀರಿದ್ದೆಲ್ಲ ದೀರ್ಘಾವಧಿ. ಇಲಿಯ ಆಯಸ್ಸೇ ಎರಡು-ಮೂರು ವರ್ಷ; ಮಗುವಿನ ಮುಂದೆ ಎಪ್ಪತ್ತು ವರ್ಷವಿದೆ. ಪ್ರಾಣಿಗಳ ಸಂಖ್ಯೆ ಹೆಚ್ಚಲಿ ಎಂದು ನಾನು ಹೇಳುತ್ತಿಲ್ಲ. ಪ್ರಾಣಿ ಹಿಂಸೆ ತಡೆಗೆ 1960ರಷ್ಟು ಹಿಂದೆಯೇ ಕಾಯ್ದೆ ತಂದ ದೇಶ ನಮ್ಮದು. ಅಂಟು ಪೂರ್ತಿ ಕರಗುವ ಮುನ್ನವೇ ಮುಗಿಯುವ ಪ್ರಯೋಗದಲ್ಲಿ ಸತ್ತ ಮೊಲ ಮಾತ್ರ ವ್ಯರ್ಥವಾಗಿ ಸತ್ತಂತೆ.

2017ರ ವೈದ್ಯಕೀಯ ಸಾಧನಗಳ ನಿಯಮಾವಳಿಯ ನಂತರ ಭಾರತದಲ್ಲಿ ಕಟ್ಟುಪಾಡು ಬಿಗಿಯಾಗಿದೆ, ನಿಜ. ಆದರೂ ತಯಾರಕರ ಪ್ರಾಣಿಪ್ರಯೋಗದ ವರದಿ ನನ್ನಂಥ ಜಿಲ್ಲಾ ಊರಿನ ವೈದ್ಯನ ಕೈಗೆ ಬರುವುದು ಅಪರೂಪ. ಬರುವುದು ಬಣ್ಣದ ಕರಪತ್ರ. ರೋಗಿಯ ಸಹಿ ಪಡೆಯುವ ಒಪ್ಪಿಗೆ ಪತ್ರದಲ್ಲಿ ಈ ಅಂಟನ್ನು ಯಾವ ಪ್ರಾಣಿಯಲ್ಲಿ, ಎಷ್ಟು ತಿಂಗಳು ಪರೀಕ್ಷಿಸಲಾಗಿದೆ ಎಂಬ ಒಂದು ಸಾಲಿಗೆ ಜಾಗವಿದ್ದೇ ಇದೆ.